ಸುಟ್ಟದ್ದು, ಉಳಿದದ್ದು

ನಾನು ಮದ್ಯವನ್ನು ಮೂಸಿಯೂ ನೋಡಿದವನಲ್ಲ. ಆದರೂ ಅಮೆರಿಕದ ಒಂದು ವಿಸ್ಕಿಯ ಚರಿತ್ರೆ ಈಚೆಗೆ ನನ್ನ ನಿದ್ರೆ ಕೆಡಿಸಿದೆ. ಕುಡಿಯದವನ ತಲೆಗೂ ಏರುವಂಥ ಚರಿತ್ರೆ ಅದು.

ಕೆಂಟಕಿ ಸಂಸ್ಥಾನದಲ್ಲಿ ಬಿಲ್ ಸ್ಯಾಮ್ಯುಯೆಲ್ಸ್ ಎಂಬಾತನಿದ್ದ. ತಲೆತಲಾಂತರದಿಂದ ವಿಸ್ಕಿ ಇಳಿಸುತ್ತಿದ್ದ ಮನೆತನ. 1953ರಲ್ಲಿ ಲೊರೆಟೊ ಎಂಬ ಊರಿನ ಬಳಿ ಹಳೆಯ ಭಟ್ಟಿಯೊಂದನ್ನು ಕೊಂಡ. 170 ವರ್ಷದ್ದೆಂದು ಹೇಳುತ್ತಿದ್ದ ಮನೆತನದ ಪಾಕವಿಧಾನಕ್ಕೆ ಆತ ಬೆಂಕಿಯಿಟ್ಟನಂತೆ; ಕಿಟಕಿಯ ಪರದೆಗೂ ಉರಿ ಹತ್ತಿತೆಂದು ಮನೆಯವರೇ ಕಥೆ ಹೇಳುತ್ತಾರೆ. ಓಲೆಗರಿಯ ಚೂರು ಸಿಕ್ಕರೂ ಕಣ್ಣಿಗೊತ್ತಿಕೊಳ್ಳುವ ಕನ್ನಡ ಅಧ್ಯಾಪಕ ನಾನು, ಎದೆ ಧಸಕ್ಕೆಂದಿತು.

ಬರ್ಬನ್ ಎನಿಸಿಕೊಳ್ಳಬೇಕಾದರೆ ಧಾನ್ಯದಲ್ಲಿ ನೂರಕ್ಕೆ 51 ಪಾಲಾದರೂ ಮುಸುಕಿನ ಜೋಳವಿರಬೇಕು. ಜೊತೆಗೆ ರೈ ಎಂಬ ಧಾನ್ಯ ಸೇರಿಸುವುದು ವಾಡಿಕೆ. ಅದರಿಂದ ನಾಲಗೆ ಚುರುಗುಟ್ಟುವ ಖಾರ. ಈತ ಅದನ್ನು ಬಿಟ್ಟು ಗೋಧಿ ಹಾಕಿದ. ಅದೇನೂ ಅವನ ಶೋಧವಲ್ಲ. ಪ್ಯಾಪಿ ವ್ಯಾನ್ ವಿಂಕಲ್ ಎಂಬ ಹಿರಿಯರು ಗೋಧಿಯ ಬರ್ಬನ್ನನ್ನು ಆಗಲೇ ಮಾಡುತ್ತಿದ್ದರು, ಇವನಿಗೆ ನೆರವನ್ನೂ ಕೊಟ್ಟರು. ಪೀಪಾಯಿಯಲ್ಲಿ ವಿಸ್ಕಿ ಹದಕ್ಕೆ ಬರಲು ವರ್ಷಗಳು ಬೇಕು. ಅಷ್ಟು ಕಾಯುವವರಾರು? ಧಾನ್ಯಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ, ರೊಟ್ಟಿ ಬೇಯಿಸಿ ರುಚಿ ನೋಡಿದರಂತೆ!

ಹೆಸರಿಟ್ಟವಳು ಹೆಂಡತಿ ಮಾರ್ಜಿ. ಪ್ಯೂಟರ್ ಲೋಹದ ಪಾತ್ರೆಗಳಿಗೆ ಕುಶಲಕರ್ಮಿಗಳು ಒತ್ತುತ್ತಿದ್ದ ಗುರುತು ಆಕೆಗೆ ನೆನಪಾಗಿ, ವಿಸ್ಕಿ ‘ಮೇಕರ್ಸ್ ಮಾರ್ಕ್’ ಆಯಿತು. ಸೀಸೆಯ ಆಕಾರ, ಅದರ ಕೊರಳಿನಿಂದ ಇಳಿಯುವ ಕೆಂಪು ಅರಗು, ಎಲ್ಲವೂ ಆಕೆಯ ಕಲ್ಪನೆ. ಮೊದಲ ಸೀಸೆ ಹೊರಬಿದ್ದದ್ದು 1958ರಲ್ಲಿ. ಮುದ್ರೆಯಲ್ಲಿ ರೋಮನ್ ಅಂಕಿಯ ನಾಲ್ಕು. ಎಂದರೆ ನಾಲ್ಕನೆಯ ತಲೆಮಾರು. ಪಾಕ ಸುಟ್ಟವನನ್ನೂ ವಂಶ ಬಿಡಲಿಲ್ಲ ನೋಡಿ!

2013ರಲ್ಲಿ, ಬೇಡಿಕೆಗೆ ಸರಕು ಸಾಲದೆ, ಕಂಪನಿಯವರು ಮದ್ಯಸಾರವನ್ನು ನೂರಕ್ಕೆ 45ರಿಂದ 42ಕ್ಕೆ ಇಳಿಸುವುದಾಗಿ ಸಾರಿದರು. ಗಿರಾಕಿಗಳು ರೇಗಿಬಿದ್ದರು. ಹತ್ತು ದಿನ ಕಳೆಯುವುದರೊಳಗೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಬೇಕಾಯಿತು. ಅಜ್ಜ ಹಳೆಯದನ್ನು ಸುಟ್ಟು ಹೊಸದು ಮಾಡಿದ. ಮೊಮ್ಮಗನ ಕಾಲಕ್ಕೆ ಆ ಹೊಸದೇ ಮುಟ್ಟಬಾರದ ಸಂಪ್ರದಾಯವಾಗಿತ್ತು.

ನನ್ನ ಪಾಠದ ಟಿಪ್ಪಣಿಗಳು ಹದಿನೆಂಟು ವರ್ಷದಿಂದ ಅವೇ. ಅವುಗಳಲ್ಲಿ ಅರ್ಧ ನನ್ನ ಗುರುಗಳವು. ಮೊನ್ನೆ ರಾತ್ರಿ ಆ ಕಟ್ಟನ್ನೂ ಬೆಂಕಿಪೊಟ್ಟಣವನ್ನೂ ಮುಂದಿಟ್ಟುಕೊಂಡು ಕುಳಿತೆ. ನನ್ನಾಕೆ ಇಣುಕಿ ನೋಡಿ, “ಸುಟ್ಟ ಮೇಲೆ, ನಾಳೆ ಕ್ಲಾಸಿನಲ್ಲಿ ಏನು ಹೇಳ್ತೀರಿ?” ಎಂದಳು.

ಉತ್ತರ ಹೊಳೆಯಲಿಲ್ಲ. ಕಟ್ಟು ಮತ್ತೆ ಬೀರು ಸೇರಿತು. ಸುಡುವುದಕ್ಕೆ ಒಂದು ಕಡ್ಡಿ ಸಾಕು. ನಾನಿನ್ನೂ ರೊಟ್ಟಿ ಬೇಯಿಸಿ ನೋಡಿಲ್ಲ.