ಆಡು ಮುಟ್ಟಿದ ಸೊಪ್ಪು

‘ಆಡು ಮುಟ್ಟದ ಸೊಪ್ಪಿಲ್ಲ’ ಎಂಬ ಗಾದೆಯನ್ನು ಇಪ್ಪತ್ತೆಂಟು ವರ್ಷಗಳಿಂದ ಮಕ್ಕಳಿಗೆ ಹೇಳಿಕೊಡುತ್ತಾ ಬಂದಿದ್ದೇನೆ. ವಿಸ್ತರಿಸಿ ಬರೆಯಿರಿ ಎಂದರೆ, ಆಡು ಕಂಡದ್ದನ್ನೆಲ್ಲ ತಿನ್ನುತ್ತದೆ ಎಂದು ಹುಡುಗರು ಅರ್ಧ ಪುಟ ತುಂಬಿಸುತ್ತಾರೆ. ನಾನೂ ಅಂಕ ಕೊಡುತ್ತಿದ್ದೆ. ಗಾದೆಯಲ್ಲಿರುವುದು ಮುಟ್ಟುವ ಮಾತು, ತಿನ್ನುವ ಮಾತಲ್ಲ ಎಂದು ನನಗೆ ಗೊತ್ತಾದದ್ದು 2017ರ ಬೇಸಿಗೆಯಲ್ಲಿ. ಆ ಪಾಠಕ್ಕೆ ಬೆಲೆ ತೆತ್ತವಳು ಮಾತ್ರ ನಾನಲ್ಲ, ನನ್ನ ನಾದಿನಿ.

ತವರುಮನೆ ಇರುವುದು ಚಳ್ಳಕೆರೆ ಕಡೆಯ ಹಳ್ಳಿಯಲ್ಲಿ. ತಮ್ಮ ತೀರಿಕೊಂಡ ಮೇಲೆ ಅವನ ಹೆಂಡತಿಗೆ ಉಳಿದದ್ದು ಮಳೆ ನಂಬಿದ ನಾಲ್ಕು ಎಕರೆ, ಒಂಬತ್ತು ಕುರಿ, ಐದು ಆಡು, ನರ್ಸಿಂಗ್ ಓದಬೇಕೆಂಬ ಮಗಳು. 2016ರಲ್ಲಿ ಮಳೆ ಕೈಕೊಟ್ಟಿತು. ಸಂಕ್ರಾಂತಿಗೆ ಹೋದಾಗ ನಾದಿನಿ, “ಅಕ್ಕಾ, ನಾಲ್ಕು ಮಾರಿಬಿಡ್ತೀನಿ. ಮೇವು ಸಾಲಲ್ಲ ಅನ್ನಿಸ್ತದೆ” ಎಂದಳು. ವ್ಯಾಪಾರಿ ಒಂದಕ್ಕೆ ಆರು ಸಾವಿರದವರೆಗೆ ಕೇಳಿ ಹೋಗಿದ್ದನಂತೆ.

‘ಅನ್ನಿಸ್ತದೆ’ ಎಂಬ ಮಾತು ಮೇಷ್ಟರ ಜಾತಿಗೆ ಹಿಡಿಸುವುದಿಲ್ಲ. ಅಷ್ಟರಲ್ಲಿ ಯಾವುದೋ ಮೇಳದಲ್ಲಿ ಕೊಂಡ ಕುರಿ ಸಾಕಣೆಯ ಕಿರುಹೊತ್ತಿಗೆಯೊಂದು ನನ್ನ ಚೀಲದಲ್ಲಿತ್ತು. ನಾನು ಕನ್ನಡ ಮೇಡಮ್ಮು, ಗಣಿತದವಳಲ್ಲ. ಆದರೂ ಶಾಲೆಯ ಬಿಸಿಯೂಟಕ್ಕೆ ಕಿರಿಯ ಮಗುವಿಗೆ 100 ಗ್ರಾಂ, ಹಿರಿಯ ಮಗುವಿಗೆ 150 ಗ್ರಾಂ ಎಂದು ಅಕ್ಕಿ ಅಳೆಸಿದ ಅನುಭವವಿತ್ತು. ಹಾಜರಿ ಎಷ್ಟೇ ಇರಲಿ, ಒಂದು ದಿನ ಅನ್ನ ಮಿಕ್ಕು ಮರುದಿನ ತಳ ಕಾಣುವುದನ್ನು ದಿನವೂ ನೋಡುವವಳು ಅದನ್ನೇ ನೆನೆಯಬಹುದಿತ್ತು. ನೆನೆಯಲಿಲ್ಲ.

ಹೊತ್ತಿಗೆಯ ಪ್ರಕಾರ ಕುರಿ, ಆಡುಗಳಿಗೆ ದಿನಕ್ಕೆ ದೇಹತೂಕದ ನೂರಕ್ಕೆ ಮೂರು ಪಾಲಿನಷ್ಟಾದರೂ ಮೇವು ಬೇಕು. ಅದೂ ನೀರು ಕಳೆದು ಉಳಿಯುವ ಒಣ ಅಂಶದ ಲೆಕ್ಕ. ಹತ್ತು ಕಿಲೋ ಹಸಿ ಸೊಪ್ಪು ತಂದರೆ ಅದರಲ್ಲಿ ಏಳೆಂಟು ಕಿಲೋ ನೀರೇ. ಒಣ ಹೊಟ್ಟಿನಲ್ಲಾದರೆ ನೀರು ಹತ್ತನೇ ಒಂದು ಪಾಲು. ನಾನು ಕಣ್ಣಳತೆಯಲ್ಲೇ ಒಂದೊಂದಕ್ಕೆ 25 ಕಿಲೋ ಎಂದು ಹಿಡಿದೆ. ಹದಿನಾಲ್ಕಕ್ಕೆ ದಿನಕ್ಕೆ ಹತ್ತೂವರೆ ಕಿಲೋ ಒಣ ಅಂಶ. ಅರ್ಧ ಬೀಳಿನಲ್ಲಿ ಮೇಯ್ದು ತುಂಬಿಕೊಂಡು ಬಂದರೆ ಮನೆಯಲ್ಲಿ ಆರು ಕಿಲೋ ಹೊಟ್ಟು ಸಾಕು. ಫೆಬ್ರವರಿಯಿಂದ ಮೇ ಕೊನೆಗೆ 120 ದಿನ, 720 ಕಿಲೋ. ಕೋಣೆಯಲ್ಲಿ ಹುರುಳಿ ಹೊಟ್ಟು, ತೊಗರಿ ಹೊಟ್ಟು ಸೇರಿ ನಲವತ್ತು ಚೀಲವಿತ್ತು. ಒಂದನ್ನು ತೂಗಿಸಿದೆ, 20 ಕಿಲೋ. ಅಲ್ಲಿಗೆ 800 ಕಿಲೋ!

“ಎಂಬತ್ತು ಕಿಲೋ ಉಳಿಯುತ್ತೆ ನೋಡು. ಒಂದನ್ನೂ ಮಾರಬೇಡ” ಎಂದೆ. ಆಕೆ ಚೀಟಿಯನ್ನು ದೇವರ ಪಟದ ಹಿಂದೆ ಸಿಕ್ಕಿಸಿದಳು. “ನೀವು ಓದಿದೋರು” ಎಂದಳು. ಆ ಮಾತು ಈಗಲೂ ಕಿವಿಯಲ್ಲಿದೆ.

ಫೆಬ್ರವರಿಯಲ್ಲಿ ಮೂರು ಕುರಿ ಈದವು, ಒಂದು ಆಡು ಅವಳಿ ಹಾಕಿತು. ಹಾಲೂಡುವ ತಾಯಿಗೆ ನೂರಕ್ಕೆ ಮೂರು ಸಾಲದು, ನಾಲ್ಕೂವರೆ, ಐದು ಬೇಕಾಗುತ್ತದೆ. ಅದು ಅದೇ ಹೊತ್ತಿಗೆಯ ಮುಂದಿನ ಪುಟದಲ್ಲಿತ್ತು. ನಾನು ಪುಟ ತಿರುವಿರಲಿಲ್ಲ. ಸಂಜೆ ಹಟ್ಟಿಗೆ ಬಂದ ಕುರಿಗಳ ಎಡಪಕ್ಕೆಯ ಹಿಂದಿನ ಗುಳಿಯ ಮೇಲೆ ಕೈಯಾಡಿಸಿ ನೋಡುವುದು ನಾದಿನಿಯ ರೂಢಿ. ಗುಳಿ ತುಂಬಿದ್ದರೆ ಮೇವು ಸಿಕ್ಕಿದೆ, ಒಳಕ್ಕೆ ಹೋಗಿದ್ದರೆ ಇಲ್ಲ. ಗುಳಿ ತುಂಬುತ್ತಿಲ್ಲವೆಂದು ಆಕೆಗೆ ಗೊತ್ತಿತ್ತು. ಆದರೂ ಚೀಟಿಯಲ್ಲಿದ್ದ ಆರು ಕಿಲೋವನ್ನು ಹನ್ನೆರಡು ದಿನ ಪಾಲಿಸಿದಳು. ಆಡಿನ ಹಾಲು ಬತ್ತಿ ಅವಳಿಯಲ್ಲೊಂದು ಮರಿ ಸತ್ತಿತು. ಆಮೇಲೆ ಚೀಟಿ ಬದಿಗಿಟ್ಟು ಕೈಬಿಚ್ಚಿ ಹಾಕತೊಡಗಿದಳು. ಇದನ್ನೆಲ್ಲ ನನಗೆ ಹೇಳಿದ್ದು ಬಹಳ ತಡವಾಗಿ.

ಯುಗಾದಿ ರಜೆಯಲ್ಲಿ ನಾನು ಹೋದಾಗ ಕೋಣೆಯಲ್ಲಿ ಉಳಿದಿದ್ದದ್ದು ಎಂಟು ಚೀಲ. ಎರಡು ದಿನ ಕೊಟ್ಟಿಗೆಯಲ್ಲೇ ಕೂತು ನೋಡಿದೆ. ಕುರಿ ಪಾಪದ್ದು, ತಲೆ ತಗ್ಗಿಸಿ ಮುಂದಿಟ್ಟಿದ್ದನ್ನು ತಿನ್ನುತ್ತದೆ. ಆಡು ಹಾಗಲ್ಲ, ಮದುವೆಮನೆಗೆ ಬಂದ ಬೀಗರ ಹಾಗೆ! ಮೂಸುತ್ತದೆ, ಎಲೆಯ ಚೂರು ಆರಿಸುತ್ತದೆ, ಕಡ್ಡಿ ಬಿಡುತ್ತದೆ, ಬಾಯಿಂದ ಎಳೆದು ನೆಲಕ್ಕೆ ಹಾಕಿ ಅದರ ಮೇಲೇ ನಿಲ್ಲುತ್ತದೆ. ತುಳಿದದ್ದನ್ನು, ಉಚ್ಚೆ ತಾಗಿದ್ದನ್ನು ಮತ್ತೆ ಮೂಸಿಯೂ ನೋಡುವುದಿಲ್ಲ. ಐದಕ್ಕೆ ಒಂದು ಪಾಲು ಹೀಗೆ ಕಾಲಡಿಗೆ ಹೋಗುತ್ತಿತ್ತು. ಅದೇ ಆಡಿಗೆ ಬೇವಿನ ಕೊಂಬೆಯನ್ನು ಎತ್ತರಕ್ಕೆ ಕಟ್ಟಿದರೆ ಹಿಂಗಾಲ ಮೇಲೆ ನಿಂತು ನೀಟಾಗಿ ಬಿಡಿಸಿ ತಿಂದಿತು.

ಇನ್ನೊಂದು ತಪ್ಪು ತಿಳುವಳಿಕೆಯೂ ನನಗಿತ್ತು. ಮೇವು ಸಪ್ಪೆಯಾದರೆ ಹಸಿವಿಗೆ ಹೆಚ್ಚು ತಿನ್ನುತ್ತವೆ ಎಂದುಕೊಂಡಿದ್ದೆ. ಕಡಿಮೆ ತಿನ್ನುತ್ತವೆ. ಒರಟು ಮೇವು ಹೊಟ್ಟೆಯಲ್ಲಿ ಬೇಗ ಕರಗುವುದಿಲ್ಲ. ಅಲ್ಲಿ ಜಾಗ ಖಾಲಿಯಾಗದೆ ಮುಂದಿನ ತುತ್ತಿಗೆ ಎಡೆಯಿಲ್ಲ. ಹಸಿದ ಪ್ರಾಣಿ ಗೋದಲಿಯ ಮುಂದೆ ಸುಮ್ಮನೆ ನಿಂತಿರುತ್ತದೆ. ಒಂದು ಹಿಡಿ ಶೇಂಗಾ ಹಿಂಡಿ ಕೊಟ್ಟರೆ ಹೊಟ್ಟೆಯ ಕೆಲಸ ಚುರುಕಾಗಿ ಅದೇ ಹೊಟ್ಟನ್ನು ಹೆಚ್ಚು ತಿನ್ನುತ್ತವೆ. ಬಿಸಿಲೇರಿದರೆ ತಿನ್ನುವುದು ಇನ್ನೂ ಕಡಿಮೆ. ನಸುಕಿನಲ್ಲಿ, ಸಂಜೆ ತಂಪಾದ ಮೇಲೆ ಕೊಟ್ಟರೆ ಬಾಯಿ ಆಡುತ್ತದೆ. ಕುಡಿಯಲು ನೀರು ಸಾಲದಿದ್ದರಂತೂ ಯಾವ ಮೇವೂ ಒಳಗಿಳಿಯದು.

ಬಟ್ಟೆ ಅಳೆಯುವ ಟೇಪು ಹಿಡಿದು ತೂಕವನ್ನೂ ನೋಡಿದೆ. ಎದೆಯ ಸುತ್ತಳತೆಯನ್ನು ಅಂಗುಲದಲ್ಲಿ ಹಿಡಿದು ಅದನ್ನು ಅದರಿಂದಲೇ ಗುಣಿಸಿ, ಮೈಯುದ್ದದಿಂದ ಗುಣಿಸಿ 660ರಿಂದ ಭಾಗಿಸಿದರೆ ಸುಮಾರು ಎಷ್ಟು ಕಿಲೋ ಎಂದು ಸಿಗುತ್ತದೆ. 29 ಅಂಗುಲ ಸುತ್ತಳತೆ, 25 ಅಂಗುಲ ಉದ್ದದ ಕುರಿ ಹತ್ತಿರ ಹತ್ತಿರ 32 ಕಿಲೋ ಬಂತು. ಬಡಕಲಾಗಿದ್ದಾಗಲೇ ಅಷ್ಟು. ನನ್ನ ಲೆಕ್ಕ ಅಡಿಪಾಯದಲ್ಲೇ ಹಳ್ಳ ಹಿಡಿದಿತ್ತು.

ಯುಗಾದಿ ಕಳೆದು ಎರಡು ವಾರಕ್ಕೆ ಹೊಟ್ಟು ಮುಗಿಯಿತು. ಬೀಳಿನಲ್ಲಿ ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ಊರಿಗೆ ಊರೇ ಕುರಿ ಮಾರಲು ನಿಂತಿತ್ತು. ಜನವರಿಯಲ್ಲಿ ಆರು ಸಾವಿರ ಕೇಳಿದ್ದ ವ್ಯಾಪಾರಿ ಮೂರೂವರೆಗೆ ಇಳಿದ. ನಾಲ್ಕು ಮಾರಬೇಕಿದ್ದ ಕಡೆ ಆರು ಹೋದವು. ಹುಡುಗಿಯ ಫೀಸನ್ನು ನಾನು ಕಟ್ಟಿದೆ. ನಾದಿನಿ ಅದನ್ನು ಸಾಲವೆಂದೇ ಬರೆದಿಟ್ಟುಕೊಂಡು ಎರಡು ವರ್ಷದಲ್ಲಿ ತೀರಿಸಿದಳು. ಬೇಡವೆಂದರೂ ಕೇಳಲಿಲ್ಲ. ಬೈದಿದ್ದರೆ ನನಗೆ ಇಷ್ಟು ನೋಯುತ್ತಿರಲಿಲ್ಲ.

2023ರಲ್ಲಿ ಮತ್ತೆ ಮಳೆ ಹೋಯಿತು. ದಸರೆಗೆ ಮೊದಲೇ ಫೋನು ಬಂತು, “ಅಕ್ಕಾ, ಲೆಕ್ಕ ಮಾಡಬೇಕು ಬನ್ನಿ.” ನಾನು ಬೆರಗಾದೆ. ಹೋದರೆ ತಕ್ಕಡಿ ಆಗಲೇ ತಂದಿಟ್ಟಿದ್ದಳು. ಬೆಳಿಗ್ಗೆ ಹಾಕಿದ ಮೇವನ್ನು ತೂಗಿ, ಮರುದಿನ ಬೆಳಿಗ್ಗೆ ಬಿಟ್ಟದ್ದನ್ನು ಗುಡಿಸಿ ತೂಗಿ, ನಾಲ್ಕು ದಿನ ಕಳೆದು ನೋಡಿದೆವು. ಆಡಿನದು ಬೇರೆ, ಕುರಿಯದು ಬೇರೆ, ಬಸುರಿಯರದು ಬೇರೆ. ನಾನು ಬರೆದೆ, ಆಕೆ ಗುಳಿ ಮುಟ್ಟಿ ನೋಡಿ, “ಇದಕ್ಕೆ ಇನ್ನರ್ಧ ಕಿಲೋ ಬರೀರಿ” ಎಂದಳು. ಬರೆದೆ. ಮೇಯ್ದು ಬರುವ ಪಾಲಿಗೆ ಸೊನ್ನೆ ಹಾಕಿಸಿದಳು.

ದೀಪಾವಳಿಗೆ ಮುಂಚೆ ಐದು ಮಾರಿದಳು, ಒಳ್ಳೆಯ ಬೆಲೆಗೆ. 2024ರ ಮೇ ತಿಂಗಳಲ್ಲಿ ಮಳೆ ಬಿದ್ದ ದಿನ ಕೋಣೆಯಲ್ಲಿ ಇನ್ನೂ ಮೂರು ಚೀಲವಿತ್ತಂತೆ. ಅದರಲ್ಲೊಂದನ್ನು ಇಲಿ ತೂತು ಮಾಡಿ ಮನೆ ಮಾಡಿಕೊಂಡಿತ್ತು. “ಇಲಿಯ ಲೆಕ್ಕ ಬಿಟ್ಟುಬಿಟ್ರಲ್ಲ ಅಕ್ಕಾ” ಎಂದು ಫೋನಿನಲ್ಲಿ ನಕ್ಕಳು.