ಅಲ್ಲ, ಇಲ್ಲ, ಬ್ಯಾಡ, ಒಲ್ಲೆ

ಎಟಿಎಂ ಪರದೆ ಈಗ ಕನ್ನಡದಲ್ಲಿ ಕೇಳುತ್ತದೆ: ರಸೀದಿ ಬೇಕೇ? ಕೆಳಗೆ ಎರಡೇ ಉತ್ತರ, ಹೌದು ಮತ್ತು ಇಲ್ಲ. ಬೇಕೇ ಎಂದು ಕೇಳಿದರೆ ಇಲ್ಲ ಎನ್ನುವ ಕನ್ನಡಿಗ ಬೆಳಗಾವಿಯಲ್ಲೂ ಸಿಗುವುದಿಲ್ಲ, ಚಾಮರಾಜನಗರದಲ್ಲೂ ಸಿಗುವುದಿಲ್ಲ. ಆತ ಬೇಡ ಎನ್ನುತ್ತಾನೆ. ಇದು ನಿಮ್ಮ ಮೊಬೈಲ್ ಸಂಖ್ಯೆಯೇ ಎಂಬ ಪ್ರಶ್ನೆಗೂ ಅದೇ ಹೌದು, ಅದೇ ಇಲ್ಲ. ಅಲ್ಲ ಎನ್ನಲು ಗುಂಡಿಯೇ ಇಲ್ಲ. ಪಕ್ಕದಲ್ಲಿ ಮರಾಠಿ ಆರಿಸಿಕೊಂಡವರ ಪಾಡೂ ಬೇರೆಯಲ್ಲ. ಪಾವತೀ ಹವೀ ಕಾ ಎಂದು ಕೇಳಿದರೆ ಅವರ ಬಾಯಲ್ಲಿ ಬರುವುದು ನಕೋ, ಪರದೆ ಕೊಡುವುದು ನಾಹೀ. ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಒಮ್ಮೆ ಬರೆದು, ಪ್ರಶ್ನೆಯನ್ನು ಒಂದು ಕಡೆ, ಉತ್ತರವನ್ನು ಇನ್ನೊಂದು ಕಡೆ ಅನುವಾದಕ್ಕೆ ಕಳಿಸಿದರೆ ಆಗುವುದೇ ಹೀಗೆ. ಇದನ್ನು ಸಣ್ಣ ತಪ್ಪೆಂದು ಬಿಡಲಾಗದು. ಒಪ್ಪಿಗೆ, ನಿರಾಕರಣೆಗಳು ಒಂದು ಭಾಷೆಯ ಬುಡದಲ್ಲಿ ಇರುವ ಸಂಗತಿಗಳು. ಅವನ್ನೇ ತಪ್ಪಾಗಿ ಬರೆದರೆ ಉಳಿದ ಕನ್ನಡ ಎಷ್ಟು ಶುದ್ಧವಾಗಿದ್ದರೇನು?

ಕನ್ನಡದಲ್ಲಿ ಅಲ್ಲ ಎಂಬುದು ಗುರುತನ್ನು ನಿರಾಕರಿಸುತ್ತದೆ, ಇಲ್ಲ ಎಂಬುದು ಇರವನ್ನು. ಇದು ದ್ರಾವಿಡ ನುಡಿಗಳ ಹಳೆಯ ಆಸ್ತಿ. ಮಲಯಾಳದಲ್ಲಿ ಇವೇ ಎರಡು ಪದಗಳಿವೆ, ತೆಲುಗಿನಲ್ಲಿ ಕಾದು ಮತ್ತು ಲೇದು, ತುಳುವಿನಲ್ಲಿ ಅತ್ತ್ ಮತ್ತು ಇಜ್ಜಿ. ಬೇಡ ಎಂಬುದು ಅಗತ್ಯವನ್ನು ತಳ್ಳುತ್ತದೆ, ಆಡುವವನ ಮನಸ್ಸನ್ನು ಹೇಳುವುದು ಒಲ್ಲೆ. ಈ ಒಲ್ಲೆ ಬಹಳ ಹಿಂದಿನ ರೂಪ. ಹಳಗನ್ನಡದಲ್ಲಿ ಧಾತುವಿಗೆ ಕಾಲಸೂಚಕ ಹಚ್ಚದೆ ನೇರವಾಗಿ ಪುರುಷ ಪ್ರತ್ಯಯ ಹಚ್ಚಿದರೆ ಸಾಕು, ಅದು ನಿಷೇಧವಾಗುತ್ತಿತ್ತು: ಅರಿಯೆ, ಕಾಣೆ, ಒಲ್ಲೆ. ಉಳಿದೆಡೆ ಇದು ಬಹುಮಟ್ಟಿಗೆ ಪುಸ್ತಕ ಸೇರಿದೆ. ನಮ್ಮ ಗಡಿಸೀಮೆಯಲ್ಲಿ ಮಾತ್ರ ಈ ಒಲ್ಲೆ, ಹುಡುಗ ಸಾಲಿಗೆ ಹೋಗವಲ್ಲ, ಗಾಡಿ ಚಾಲೂ ಆಗವಲ್ದು ಎಂದು ದಿನಬೆಳಗಾದರೆ ಬಾಯಲ್ಲಿದೆ. ಗಡಿ ಕನ್ನಡ ಕಲಬೆರಕೆ ಎಂದು ಮೂಗು ಮುರಿಯುವವರು ಒಂದು ಗಳಿಗೆ ನಿಂತು ಈ ಕ್ರಿಯಾಪದವನ್ನು ಕೇಳಿಸಿಕೊಳ್ಳಬೇಕು.

ನೆರೆಯ ಮರಾಠಿಯ ಸಾಮಗ್ರಿ ಸಂಸ್ಕೃತ, ಪ್ರಾಕೃತಗಳಿಂದ ಬಂದದ್ದು, ಆದರೆ ಅಲ್ಲಿಯ ಪಾಲುಪಟ್ಟಿ ನಮ್ಮದನ್ನೇ ಹೋಲುತ್ತದೆ. ಹಿಂದಿಗೆ ಅಲ್ಲ, ಇಲ್ಲ ಎರಡಕ್ಕೂ ಒಂದೇ ನಹೀಂ ಸಾಕು; ಮರಾಠಿ ನವ್ಹೇ ಮತ್ತು ನಾಹೀ ಎಂದು ಬೇರೆ ಮಾಡಿಕೊಂಡಿದೆ. ಜಾಊ ನಕೋ ಎನ್ನುವುದು ಹೋಗಬ್ಯಾಡ ಎನ್ನುವುದರ ಪಡಿಯಚ್ಚು. ಆ ನಕೋ ದಖನಿ ಉರ್ದುವಿನಲ್ಲಿ ನಕ್ಕೋ ಆಗಿ ಬೀದರ, ಕಲಬುರಗಿಯ ಸಂತೆಗಳಲ್ಲೂ ಓಡಾಡುತ್ತಿದೆ. ಇಷ್ಟು ಹತ್ತಿರದ ಹೋಲಿಕೆ ಶತಮಾನಗಳ ಸಹವಾಸವಿಲ್ಲದೆ ಬರುವಂಥದ್ದಲ್ಲ. ದುಃಖದ ಮಾತೆಂದರೆ, ಇಂದಿನ ಮರಾಠಿಗರ ಮಾತಿನಲ್ಲಿ ನವ್ಹೇ ಹಿಂದೆ ಸರಿಯುತ್ತಿದೆ, ನಾಹೀ ಅದರ ಜಾಗವನ್ನೂ ಹಿಡಿಯುತ್ತಿದೆ. ಅಲ್ಲ ಎಂಬುದಕ್ಕೆ ಆ ಗತಿ ಬಾರದಿರಲಿ ಎಂಬುದೇ ನನ್ನ ಕಾಳಜಿ.

ಹೌದು ಎಂಬ ಪದದ ಬಗ್ಗೆಯೂ ಒಂದು ತಪ್ಪು ಮಾತು ಇಲ್ಲಿ ಚಾಲ್ತಿಯಲ್ಲಿದೆ. ಮರಾಠಿಯ ಹೋ, ಹೋಯ್ ಕೇಳಿ ಕನ್ನಡಿಗರು ಹೌದು ಕಲಿತರು, ಆ ಹಕಾರವೇ ಸಾಕ್ಷಿ ಎನ್ನುತ್ತಾರೆ. ಸಾಕ್ಷಿ ಬೇರೆಯದನ್ನೇ ಹೇಳುತ್ತದೆ. ಆಗು ಧಾತುವಿನಿಂದ ಹಳಗನ್ನಡದ ಅಪ್ಪುದು, ಅದರಿಂದ ನಡುಗನ್ನಡದ ಅಹುದು, ಅದರಿಂದ ಹೌದು. ಪಾಲು ಹಾಲಾದ ದಾರಿಯಲ್ಲೇ ಇಲ್ಲಿಯ ಪಕಾರವೂ ಹಕಾರವಾಯಿತು. 12ನೆಯ ಶತಮಾನದ ವಚನಕಾರರು ಅಹುದು ಎನ್ನುವಾಗ ಯಾರಿಂದಲೂ ಎರವಲು ತಂದಿರಲಿಲ್ಲ. ಇತ್ತ ಮರಾಠಿಯ ಹೋಯ್ ಬಂದದ್ದು ಸಂಸ್ಕೃತದ ಭವತಿ, ಪ್ರಾಕೃತದ ಹೋಇ ಮೂಲಕ. ಮೂಲಗಳು ಎರಡು, ಆದರೆ ಅರ್ಥ ಎರಡರಲ್ಲೂ ಆಗುತ್ತದೆ ಎಂಬುದೇ. ತೆಲುಗಿನ ಅವುನು, ತಮಿಳಿನ ಆಮ್ ಕೂಡ ಹುಟ್ಟಿದ್ದು ಆಗುವುದರಿಂದಲೇ. ಹಾಗೆಂದು ನಾವು ಏನನ್ನೂ ತೆಗೆದುಕೊಂಡಿಲ್ಲ ಎಂದಲ್ಲ. ಒಪ್ಪಿಗೆ ಸೂಚಿಸುವ ನಮ್ಮ ಬರೋಬ್ಬರಿ ಪಾರಸಿಯಿಂದ ಹೊರಟು ಮರಾಠಿಯ ಮನೆ ಹಾಯ್ದು ಬಂದದ್ದು, ಅದನ್ನು ಸಂತೋಷದಿಂದ ಇಟ್ಟುಕೊಂಡಿದ್ದೇವೆ.

ಮಾತಿಗಿಂತ ಸನ್ನೆ ಇನ್ನೂ ಹಟಮಾರಿ. ಚಾರ್ಲ್ಸ್ ಡಾರ್ವಿನ್ 1872ರಲ್ಲಿ ಭಾವಾಭಿವ್ಯಕ್ತಿಯ ಕುರಿತು ಪುಸ್ತಕ ಬರೆದಾಗ, ಭಾರತದಿಂದ ಮಾಹಿತಿ ಕೊಟ್ಟವರಲ್ಲಿ ಅಹ್ಮದ್‌ನಗರದಲ್ಲಿದ್ದ ಎರ್ಸ್ಕಿನ್, ಕೆನರಾದ ನ್ಯಾಯಾಧೀಶ ವೆಸ್ಟ್ ಇದ್ದರು. ಒಬ್ಬರು ಮರಾಠಿ ನೆಲದಿಂದ, ಇನ್ನೊಬ್ಬರು ಕನ್ನಡ ನೆಲದಿಂದ. ಬೇಡವೆನ್ನಲು ತಲೆ ಅಡ್ಡಡ್ಡ ಆಡಿಸುವುದು ಹಸುಗೂಸು ಮೊಲೆಯಿಂದ ಮುಖ ತಿರುಗಿಸುವುದರ ಮುಂದುವರಿಕೆ ಎಂಬುದು ಡಾರ್ವಿನ್ನನ ವಾದ. ಆದರೆ ಭಾರತದವರು ತಲೆಯನ್ನು ಥಟ್ಟನೆ ಹಿಂದಕ್ಕೆ, ತುಸು ಒಂದು ಬದಿಗೆ ಎತ್ತಿ ಲೊಚಗುಟ್ಟುತ್ತಾರೆಂದು ತಿಳಿದಾಗ, ಆ ಲೊಚಗುಟ್ಟುವಿಕೆಯ ಅರ್ಥವೇನೆಂದು ತನಗೆ ಊಹಿಸಲೂ ಆಗದೆಂದು ಬರೆದ. ಆ ಸದ್ದು ಇಂದಿಗೂ ನಿಪ್ಪಾಣಿಯಲ್ಲಿದೆ, ಗಡಹಿಂಗ್ಲಜದಲ್ಲೂ ಇದೆ. ಲೊಚಗುಟ್ಟಿದವರ ಮನೆಮಾತು ಯಾವುದೆಂದು ಅದರಿಂದ ಹೇಳಲಾಗದು. ಇಟಲಿಯಲ್ಲಿ ಇದು ತಿರುವುಮುರುವಾಗಿದೆ. ರೋಮಿನವರೂ ನೇಪಲ್ಸಿನವರೂ ಆಡುವುದು ಇಟಾಲಿಯನ್ನೇ. ಬೇಡವೆನ್ನಲು ರೋಮಿನವರು ತಲೆ ಅಡ್ಡ ಆಡಿಸಿದರೆ ನೇಪಲ್ಸಿನವರು ಗ್ರೀಕರಂತೆ ತಲೆ ಮೇಲಕ್ಕೆತ್ತುತ್ತಾರೆ. ಪ್ರಾಚೀನ ಗ್ರೀಕ್ ವಸಾಹತುಗಳ ಗುರುತು ಅದೆಂದು ಪ್ರಾಣಿವಿಜ್ಞಾನಿ ಡೆಸ್ಮಂಡ್ ಮಾರಿಸ್ ಮತ್ತು ಸಂಗಡಿಗರು 1979ರಲ್ಲಿ ವಾದಿಸಿದರು. ಅಲ್ಲಿ ನುಡಿ ಒಂದು, ಸನ್ನೆ ಎರಡು. ನಮ್ಮಲ್ಲಿ ನುಡಿ ಎರಡು, ಸನ್ನೆ ಒಂದು.

ವ್ಯಾಕರಣ ಒಂದು, ಸನ್ನೆ ಒಂದು ಎಂದ ಮೇಲೆ ಕನ್ನಡವೇ ಬೇಕೆಂಬ ಹಟ ಯಾಕೆ ಎಂದು ಕೇಳುವವರಿದ್ದಾರೆ. ಅದಕ್ಕೆ ಉತ್ತರ ಗಡಿಯಾಚೆಯ ಸಾಂಗ್ಲಿ ಜಿಲ್ಲೆಯಲ್ಲೇ ಇದೆ. ಕುಪ್ವಾರ್ ಎಂದು ತಾವು ಕರೆದ ಹಳ್ಳಿಯ ಕುರಿತು ಭಾಷಾವಿಜ್ಞಾನಿಗಳಾದ ಜಾನ್ ಗಂಪರ್ಜ್, ರಾಬರ್ಟ್ ವಿಲ್ಸನ್ 1971ರಲ್ಲಿ ಬರೆದರು. ಅಲ್ಲಿಯ ಕನ್ನಡ, ಮರಾಠಿ, ಉರ್ದುಗಳ ವಾಕ್ಯರಚನೆ ಪದಕ್ಕೆ ಪದ ಹೊಂದುವಷ್ಟು ಹತ್ತಿರ ಬಂದಿತ್ತು. ಆದರೂ ಜೈನರು, ಲಿಂಗಾಯತರು ಮನೆಯೊಳಗೆ ಕನ್ನಡದ ಪದಗಳನ್ನು ಬಿಡಲಿಲ್ಲ. ನೆರೆಯವರೂ ಅದಕ್ಕೆ ಅಡ್ಡಿ ಮಾಡಲಿಲ್ಲ, ಇದನ್ನು ನಾನು ಮರಾಠಿಗರ ದೊಡ್ಡತನವೆಂದೇ ಎಣಿಸುತ್ತೇನೆ. ಜತ್ತ, ಅಕ್ಕಲಕೋಟೆಯ ಮಕ್ಕಳಿಗೆ ಮರಾಠಿಯನ್ನು ಬೀದಿಯೇ ಕಲಿಸುತ್ತದೆ. ಬರೆಯುವ ಕನ್ನಡಕ್ಕೆ ಮಾತ್ರ ಕನ್ನಡ ಬಲ್ಲ ಮಾಸ್ತರರು, ಕನ್ನಡದ ಪುಸ್ತಕ, ಕನ್ನಡದಲ್ಲೇ ಅಚ್ಚಾದ ಅರ್ಜಿ ಬೇಕು. ಕೇಳಿದಾಗಲೆಲ್ಲ ಗಡಿಯ ಈಚೆಯ ಸರಕಾರದವರು ನೋಡೋಣ ಎನ್ನುತ್ತಾರೆ, ಆಚೆಯವರು ಬಘೂ ಎನ್ನುತ್ತಾರೆ. ಆಗದು ಎಂದಾದರೂ ಬಾಯಿಬಿಟ್ಟು ಹೇಳಲಿ, ಮುಂದಿನ ದಾರಿಯನ್ನು ನಾವೇ ನೋಡಿಕೊಳ್ಳುತ್ತೇವೆ.