ಸವಳು ನೀರೂ ಯಂತ್ರದ ಕಾಫಿಯೂ

ಚಹಾದ ಸೀಮೆಯಾದ ನಮ್ಮ ಗದಗಿನಲ್ಲಿಯೂ ಕೆಲವು ಮನೆಗಳಿಗೆ ಎಸ್ಪ್ರೆಸೊ ಯಂತ್ರ ಬಂದಿದೆ. ನಮ್ಮಲ್ಲಿಗೆ ಅದನ್ನು ತಂದವನು ಬೆಂಗಳೂರಿನಲ್ಲಿರುವ ಮಗ. ಆರು ತಿಂಗಳಲ್ಲಿ ಅದು ಹುಳಿಯಾದ, ತೆಳ್ಳನೆಯ ಕಾಫಿಯನ್ನು ಕೊಡತೊಡಗಿತು. ಮನೆಗೆ ಬಂದ ಅಯ್ಯನವರು ಬಟ್ಟಲನ್ನು ಅರ್ಧಕ್ಕೇ ಇಳಿಸಿದಾಗ, ಹಿರಿಯರು ಯಂತ್ರವನ್ನು ಅಟ್ಟಕ್ಕೇರಿಸಲು ಹೇಳಿದರು. ಮಗನ ಮನಸ್ಸು ನೋಯುವುದೆಂಬ ಅಳುಕು ನಮಗೆ.

ಯಂತ್ರ ಕೆಟ್ಟಿರಲಿಲ್ಲ. ತುಂಗಭದ್ರೆಯ ನೀರು ನಲ್ಲಿಗೆ ಬಾರದ ದಿನಗಳಲ್ಲಿ ನಮಗೆ ಕೊಳವೆಬಾವಿಯ ಸವಳು ನೀರೇ ಗತಿ. ಅದು ಕಾದಾಗ ಉಳಿಯುವ ಸುಣ್ಣವು ಒಳಗಿನ ಕೊಳವೆಗಳಿಗೆ ಹತ್ತಿ ಶಾಖವನ್ನು ತಡೆಯುತ್ತದೆ. 90ರಿಂದ 96 ಡಿಗ್ರಿ ಸೆಲ್ಸಿಯಸ್ ಇರಬೇಕಾದ ನೀರು ತಣ್ಣಗಾಗಿ ಬಂದರೆ ಕಾಫಿಯ ಸತ್ವ ಇಳಿಯದು, ಹುಳಿ ಮಾತ್ರ ಇಳಿಯುತ್ತದೆ. ಸಿಟ್ರಿಕ್ ಆಮ್ಲ, ಎಂದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಕದಡಿದ ನೀರನ್ನು ಹಾಯಿಸಿ, ಶುದ್ಧ ನೀರಿನಿಂದ ಎರಡು ಸಲ ತೊಳೆದೆವು.

ಇನ್ನು ಪುಡಿ. ಫಿಲ್ಟರಿಗೆಂದು ಬೀಸಿದ ಪುಡಿ ಈ ಯಂತ್ರಕ್ಕೆ ತರಿಯಾಗುತ್ತದೆ. ನೀರು ಅದರೊಳಗಿಂದ ಸರ್ರನೆ ಹಾಯ್ದುಹೋಗುತ್ತದೆ. ಚಿಕೋರಿಯಂತೂ ಬೇಡವೇ ಬೇಡ. ಚಿಕ್ಕಮಗಳೂರಿನ ಹುರಿದ ಬೀಜವನ್ನು ತರಿಸಿ ಆಗಿಂದಾಗ ನುಣ್ಣಗೆ ಬೀಸಿದೆವು. 18 ಗ್ರಾಂ ಪುಡಿಗೆ ಸುಮಾರು 36 ಗ್ರಾಂ ಕಾಫಿ, 25ರಿಂದ 30 ಸೆಕೆಂಡಿನಲ್ಲಿ ಇಳಿಯಬೇಕು. ಬೇಗ ಇಳಿದರೆ ಇನ್ನಷ್ಟು ನುಣ್ಣಗೆ ಬೀಸುವುದು, ತಡವಾದರೆ ತುಸು ತರಿಯಾಗಿ. ನಿಂಬೆ ಉಪ್ಪಿನ ತೊಳೆತ ಈಗ ನಮ್ಮಲ್ಲಿ ತಿಂಗಳಿಗೊಮ್ಮೆ, ಅಮಾವಾಸ್ಯೆಯ ಮರುದಿನ.